ಗ್ರಹ, ಯಂತ್ರ, ಸಿಂಹಾಸನ: ಒಂದನೆಯ ಅಲಿ ಆದಿಲಶಾಹ

ಸೊಲ್ಲಾಪುರದಿಂದ ಹೈದರಾಬಾದಿನ ಕಡೆಗೆ ಸಾಗುವ ಹೆದ್ದಾರಿ ನಳದುರ್ಗದ ಕೋಟೆಯನ್ನು ದಾಟಿ ಉಮರ್ಗಾಕ್ಕೆ ಬರುತ್ತದೆ. ಅಲ್ಲಿಂದ ಪೂರ್ವಕ್ಕೆ ಹೊರಳಿದರೆ ಬಸವಕಲ್ಯಾಣ, ಈಶಾನ್ಯಕ್ಕೆ ನಡೆದರೆ ನಿಲಂಗಾ, ಅದರಾಚೆ ಉದಗೀರ. ಕನ್ನಡ, ಮರಾಠಿ, ತೆಲುಗು, ದಖ್ಖನಿ ಈ ನಾಲ್ಕೂ ನುಡಿಗಳು ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ನೆಲವಿದು. ಹದಿನಾರನೆಯ ಶತಮಾನದಲ್ಲಿಯೂ ಇದು ಗಡಿನಾಡೇ ಆಗಿತ್ತು. ಆಗ ಗಡಿಯನ್ನು ಎಳೆಯುತ್ತಿದ್ದವರು ವಿಜಾಪುರದ ಆದಿಲಶಾಹಿಗಳು, ಅಹಮದನಗರದ ನಿಜಾಮಶಾಹಿಗಳು, ಬೀದರದ ಬರೀದಶಾಹಿಗಳು ಮತ್ತು ಗೋಲ್ಕೊಂಡದ ಕುತುಬಶಾಹಿಗಳು. ಬಹಮನಿ ರಾಜ್ಯ ಒಡೆದು ಹುಟ್ಟಿದ ಈ ಅರಸು ಮನೆತನಗಳು ಸೊಲ್ಲಾಪುರ, ನಳದುರ್ಗ, ಕಲ್ಯಾಣ, ಉದಗೀರಗಳ ಕೋಟೆಗಳಿಗಾಗಿ ಮತ್ತೆ ಮತ್ತೆ ಕಾದಾಡಿದವು. ನಳದುರ್ಗಕ್ಕೆ ಕಲ್ಲಿನ ಭದ್ರ ಕೋಟೆಯನ್ನು ಕಟ್ಟಿಸಿದವನೆಂದು ಇತಿಹಾಸ ಹೆಸರಿಸುವ ಅರಸ ಒಂದನೆಯ ಅಲಿ ಆದಿಲಶಾಹ. ರಕ್ಕಸತಂಗಡಗಿಯ ಯುದ್ಧದಲ್ಲಿ ಗೆದ್ದ ಸುಲ್ತಾನರಲ್ಲಿ ಒಬ್ಬನೆಂದು, ವಿಜಾಪುರದ ಊರಗೋಡೆಯನ್ನು ಕಟ್ಟಿಸಿದವನೆಂದು, ಚಾಂದಬೀಬಿಯ ಪತಿಯೆಂದು ಅವನನ್ನು ಎಲ್ಲರೂ ಬಲ್ಲರು. ನಕ್ಷತ್ರಗಳನ್ನೂ ಅಶರೀರ ಶಕ್ತಿಗಳನ್ನೂ ಯಂತ್ರ ತಾಯಿತಗಳನ್ನೂ ರಾಜ್ಯರಕ್ಷಣೆಯ ಸಾಧನಗಳೆಂದು ನಂಬಿ, ಅವುಗಳ ಕುರಿತಾದ ಅರಿವನ್ನೆಲ್ಲ ಒಂದೇ ಗ್ರಂಥದಲ್ಲಿ ಕೂಡಿಸಲು ಹೊರಟವನೆಂಬ ಅವನ ಇನ್ನೊಂದು ಮುಖ ಅಷ್ಟಾಗಿ ಪರಿಚಿತವಲ್ಲ.

ಆದಿಲಶಾಹಿ ಮನೆತನವನ್ನು 1490ರ ಸುಮಾರಿಗೆ ಸ್ಥಾಪಿಸಿದವನು ಯೂಸುಫ್ ಆದಿಲ್ ಖಾನ್. ಅವನ ಮಗ ಇಸ್ಮಾಯಿಲನ ಕಾಲದಲ್ಲಿ ಉದಗೀರದ ಹೆಸರು ಆ ಮನೆತನದ ಕಥೆಯೊಳಗೆ ಬರುತ್ತದೆ. 1529ರ ಸುಮಾರಿಗೆ ಇಸ್ಮಾಯಿಲನು ಬೀದರಕ್ಕೆ ಮುತ್ತಿಗೆ ಹಾಕಿದಾಗ ಅಲ್ಲಿಯ ಒಡೆಯ ಅಮೀರ್ ಬರೀದನು ಉದಗೀರದ ಕಡೆಗೆ ಸರಿದಿದ್ದನು. ಒಂದು ರಾತ್ರಿ ಅವನ ಬಿಡಾರದಲ್ಲಿ ಕಾವಲಿನವರೂ ಒಡೆಯನೂ ಮದ್ಯದ ಅಮಲಿನಲ್ಲಿ ಮೈಮರೆತಿದ್ದಾಗ ವಿಜಾಪುರದ ಸೇನಾನಿ ಅಸದಖಾನನು ಮಲಗಿದ್ದವನನ್ನು ಮಂಚಸಹಿತ ಹೊತ್ತು ತಂದನೆಂದು ಚರಿತ್ರಕಾರ ಫಿರಿಸ್ತಾ ಬರೆದಿದ್ದಾನೆ. ವಿಜಾಪುರಕ್ಕೂ ಬೀದರಕ್ಕೂ ನಡುವಿನ ಹಗೆಯಲ್ಲಿ ಇದೊಂದು ಮರೆಯಲಾಗದ ಅವಮಾನ. ಇಸ್ಮಾಯಿಲನ ಮೊಮ್ಮಗನೇ ಅಲಿ. ಬೀದರವು ಈ ಮನೆತನದ ಕಥೆಯೊಳಗೆ ಇನ್ನೊಮ್ಮೆ ಪ್ರವೇಶಿಸುವುದು ಅಲಿಯ ಕೊನೆಯ ದಿನಗಳಲ್ಲಿ.

ಅಲಿಯ ತಂದೆ ಇಬ್ರಾಹಿಮನು 1534ರಿಂದ 1558ರವರೆಗೆ ಆಳಿದನು. ಅವನು ಹಿರಿಯರ ಶಿಯಾ ಪಂಥವನ್ನು ಬಿಟ್ಟು ಸುನ್ನಿ ಮಾರ್ಗವನ್ನು ಹಿಡಿದನು. ಲೆಕ್ಕಪತ್ರಗಳ ಭಾಷೆಯನ್ನು ಪಾರಸಿಯಿಂದ ದೇಶೀಯ ನುಡಿಗೆ ತಿರುಗಿಸಿ ಬ್ರಾಹ್ಮಣ ಕರಣಿಕರ ಕೈಗೆ ಒಪ್ಪಿಸಿದನು. ಮಗನಾದರೋ ಅಜ್ಜ ಮುತ್ತಜ್ಜರ ಪಂಥದ ಕಡೆಗೆ ಒಲಿದನು. ತಂದೆಯು ತಾನು ಹಿರಿಯರ ತಪ್ಪು ದಾರಿಯನ್ನು ಬಿಟ್ಟೆನೆಂದು ಸಭೆಯಲ್ಲಿ ಹೆಮ್ಮೆಪಟ್ಟಾಗ, ತಂದೆಯ ಮಾರ್ಗವನ್ನು ಬಿಡುವುದೇ ಒಳ್ಳೆಯದಾದರೆ ಎಲ್ಲ ಮಕ್ಕಳೂ ಹಾಗೆಯೇ ನಡೆಯಬೇಕಲ್ಲವೇ ಎಂಬರ್ಥದ ಮಾತನ್ನು ಬಾಲಕ ಅಲಿ ಆಡಿದನಂತೆ. ಆ ಚುರುಕು ಮಾತಿನ ಬೆಲೆಯನ್ನು ಅವನು ತೆರಬೇಕಾಯಿತು. ಅವನ ಗುರು ರಾಜಕೋಪಕ್ಕೆ ತುತ್ತಾದನು. ರಾಜಕುಮಾರನನ್ನು ಮಿರಜದ ಕೋಟೆಯಲ್ಲಿ ಕಾವಲಿನಲ್ಲಿ ಇರಿಸಲಾಯಿತು. ತಂದೆಯ ಮನಸ್ಸು ಯಾವ ಗಳಿಗೆಗೆ ಹೇಗೆ ತಿರುಗುವುದೋ ತಿಳಿಯದೆ, ನಾಳೆ ಸಿಂಹಾಸನವೋ ಮರಣವೋ ಎಂಬ ಅನಿಶ್ಚಯದಲ್ಲಿ ಕಳೆದ ಯೌವನ ಅದು. ಮುಂದೆ ಅವನು ಭವಿಷ್ಯವನ್ನು ಅಳೆಯುವ ವಿದ್ಯೆಗಳಿಗೆ ಅಷ್ಟು ಹತ್ತಿರವಾದುದರ ಹಿಂದೆ ಈ ಅನುಭವದ ನೆರಳು ಇದ್ದೀತು.

1558ರಲ್ಲಿ ಇಬ್ರಾಹಿಮನು ತೀರಿಕೊಂಡಾಗ ಅಲಿ ಮಿರಜದಿಂದ ಹೊರಬಂದು ಪಟ್ಟವನ್ನೇರಿದನು. ಶಿಯಾ ಪಂಥಕ್ಕೆ ಮತ್ತೆ ಮನ್ನಣೆ ದೊರೆಯಿತು. ಪಾರಸಿಕ ವಿದ್ವಾಂಸರು ಆಸ್ಥಾನಕ್ಕೆ ಮರಳಿದರು. ಸೊಲ್ಲಾಪುರ ಮತ್ತು ಕಲ್ಯಾಣ ಈ ಎರಡು ಕೋಟೆಗಳು ಆಗ ಅಹಮದನಗರದ ಕೈಯಲ್ಲಿದ್ದವು. ಅವುಗಳನ್ನು ಮರಳಿ ಪಡೆಯುವುದು ಹೊಸ ಸುಲ್ತಾನನ ಮೊದಲ ಹಂಬಲ. ಅದಕ್ಕಾಗಿ ಅವನು ವಿಜಯನಗರದ ಅಳಿಯ ರಾಮರಾಯನ ಸ್ನೇಹವನ್ನು ಅರಸಿದನು. ರಾಮರಾಯನ ಮಗನೊಬ್ಬನು ತೀರಿಕೊಂಡ ಸುದ್ದಿ ಕೇಳಿ ಸಂತಾಪ ಹೇಳಲು ಸ್ವತಃ ವಿಜಯನಗರಕ್ಕೆ ಹೋದನೆಂದೂ, ರಾಮರಾಯನ ಪತ್ನಿ ಅವನನ್ನು ಮಗನೆಂದು ಬರಮಾಡಿಕೊಂಡಳೆಂದೂ ಫಿರಿಸ್ತಾ ಹೇಳುತ್ತಾನೆ. ಈ ಮೈತ್ರಿಯ ಬಲದಿಂದ ಅಹಮದನಗರದ ಮೇಲೆ ದಂಡು ನಡೆಯಿತು; ಒಪ್ಪಂದದಲ್ಲಿ ಕಲ್ಯಾಣದ ಕೋಟೆ ಅಲಿಯ ವಶವಾಯಿತು. ಕೆಲವೇ ವರ್ಷಗಳಲ್ಲಿ ಅಹಮದನಗರ ಮತ್ತು ಗೋಲ್ಕೊಂಡದ ಪಡೆಗಳು ಅದೇ ಕೋಟೆಯನ್ನು ಮತ್ತೆ ಮುತ್ತಿದವು. ನಳದುರ್ಗವನ್ನು ಕಲ್ಲು ಗಾರೆಗಳಿಂದ ಬಲಪಡಿಸಿ ಶಾಹದುರ್ಗವೆಂದು ಕರೆದುದು ಈ ಕಾಲದ ಅಗತ್ಯದಿಂದ. ದಂಡು ಬರುವ ದಾರಿಯಲ್ಲಿದ್ದ ಉಮರ್ಗಾ, ನಿಲಂಗಾ ಸೀಮೆಗಳ ಒಕ್ಕಲುಗಳಿಗೆ ಯಾವ ಸುಲ್ತಾನ ಗೆದ್ದರೂ ಬೆಳೆ ತುಳಿತಕ್ಕೆ ಸಿಕ್ಕುವುದು ತಪ್ಪುತ್ತಿರಲಿಲ್ಲ.

ಈ ಮೈತ್ರಿ ಬಹಳ ಕಾಲ ಬಾಳಲಿಲ್ಲ. ರಾಮರಾಯನ ಬಲ ಬೆಳೆದಂತೆ ಸುಲ್ತಾನರ ಅಂಜಿಕೆಯೂ ಬೆಳೆಯಿತು. ಅಹಮದನಗರದ ಹುಸೇನ್ ನಿಜಾಮಶಾಹನ ಮಗಳು ಚಾಂದಬೀಬಿಯನ್ನು ಅಲಿ ವರಿಸಿದನು. ಅವನ ತಂಗಿ ಅಹಮದನಗರದ ಸೊಸೆಯಾದಳು. ಎಷ್ಟೋ ಸಾವುಗಳಿಗೆ ಕಾರಣವಾಗಿದ್ದ ಸೊಲ್ಲಾಪುರದ ಕೋಟೆ ಮದುವೆಯ ಬಳುವಳಿಯಾಗಿ ಬಂದಿತು. 1565ರ ಜನವರಿಯಲ್ಲಿ ಕೃಷ್ಣಾ ನದಿಯ ತೀರದ ಯುದ್ಧದಲ್ಲಿ ರಾಮರಾಯನು ಮಡಿದನು; ವಿಜಯನಗರ ಹಾಳಾಯಿತು. ಮಗನೆಂದು ಬರಮಾಡಿಕೊಂಡ ಮನೆಯ ಮೇಲೆಯೇ ಕತ್ತಿ ಹಿಡಿದ ಈ ಸಂಗತಿ ಅಲಿಯ ಬಾಳಿನ ದೊಡ್ಡ ಕಲೆ. ಆ ಯುದ್ಧದ ಕೊಳ್ಳೆಯಿಂದಲೇ ವಿಜಾಪುರದ ಸಿರಿಯೂ ಬೆಳೆಯಿತು.

ಇಂಥ ಯುದ್ಧಗಳ ನಡುವೆಯೂ ಅಲಿಯ ಮನಸ್ಸು ವಿದ್ಯೆಯ ಕಡೆಗೆ ಹರಿಯುತ್ತಿತ್ತು. ಅವನ ಗ್ರಂಥಭಂಡಾರದಲ್ಲಿ ಲಿಪಿಕಾರರು, ಚಿತ್ರಕಾರರು, ಹೊನ್ನಿನ ಲೇಪ ಹಚ್ಚುವವರು, ರಟ್ಟು ಕಟ್ಟುವವರು ಸೇರಿ ಸುಮಾರು 60 ಜನ ಕೆಲಸ ಮಾಡುತ್ತಿದ್ದರು. ವಾಮನ ಪಂಡಿತನೆಂಬ ಸಂಸ್ಕೃತ ವಿದ್ವಾಂಸನು ಅಲ್ಲಿ ಒಳ್ಳೆಯ ವೇತನದ ಮೇಲೆ ನೇಮಕಗೊಂಡಿದ್ದನು. ದಂಡಯಾತ್ರೆಗೆ ಹೊರಟಾಗಲೂ ಪುಸ್ತಕದ ಪೆಟ್ಟಿಗೆಗಳು ಸುಲ್ತಾನನ ಜೊತೆಯಲ್ಲಿ ಸಾಗುತ್ತಿದ್ದವು. ಸೂಫಿಗಳು, ಜೋಗಿಗಳು, ಸನ್ಯಾಸಿಗಳು ಅವನ ಬಳಿಗೆ ಬರುತ್ತಿದ್ದರು. ಗೋವೆಯಿಂದ ಕ್ರೈಸ್ತ ಪಾದ್ರಿಗಳನ್ನು ಕರೆಸಿ ಅವರ ಧರ್ಮದ ವಿಷಯವನ್ನು ಕೇಳಿದನು. ಯಾರ ಬಳಿ ಯಾವ ಅರಿವಿದೆಯೋ ಅದನ್ನು ತಿಳಿಯಬೇಕೆಂಬ ಹಸಿವು ಅವನಲ್ಲಿ ಸದಾ ಇತ್ತು.

ಆ ಹಸಿವಿನ ಫಲವೇ ನುಜೂಮ್ ಉಲ್-ಉಲೂಮ್ ಎಂಬ ಪಾರಸಿ ಗ್ರಂಥ. ವಿದ್ಯೆಗಳ ನಕ್ಷತ್ರಗಳು ಎಂಬುದು ಆ ಹೆಸರಿನ ಅರ್ಥ. 1570ರ ಆಗಸ್ಟ್ ತಿಂಗಳ ತಾರೀಖನ್ನು ಹೊತ್ತ ಅದರ ಸಚಿತ್ರ ಹಸ್ತಪ್ರತಿ ಇಂದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಚಿಕ್ಕವೂ ದೊಡ್ಡವೂ ಸೇರಿ ಅದರಲ್ಲಿ 876 ಚಿತ್ರಗಳಿವೆಯೆಂದು ಎಣಿಸಿದ್ದಾರೆ. ಸುಲ್ತಾನನೇ ಅದರ ಕರ್ತೃವೆಂದು ಸಂಶೋಧಕರು ವಾದಿಸಿದ್ದಾರೆ. ಅವನ ಆಸ್ಥಾನದಲ್ಲಿ, ಅವನ ಆಸಕ್ತಿಯ ಸುತ್ತ ಅದು ರೂಪುಗೊಂಡಿತೆಂಬುದರಲ್ಲಿ ಸಂದೇಹವಿಲ್ಲ. ಗ್ರಹಗಳು, ರಾಶಿಗಳು, ರಾಶಿಚಕ್ರದ ಅಂಶಗಳು, ಯಂತ್ರ ತಂತ್ರಗಳು, ಆಯುಧಗಳು, ಆನೆ ಕುದುರೆಗಳು ಎಲ್ಲವೂ ಅದರೊಳಗೆ ಅಧ್ಯಾಯಗಳಾಗಿವೆ. ಐಶ್ವರ್ಯ ಸಿಂಹಾಸನವೆಂಬ ಏಳು ಅಂತಸ್ತಿನ ಪೀಠದ ಚಿತ್ರವೊಂದು ಕಲಾ ಇತಿಹಾಸಕಾರರಲ್ಲಿ ಪ್ರಸಿದ್ಧವಾಗಿದೆ. ಇನ್ನೂ ವಿಶೇಷವಾದದ್ದು ರೂಹಾನಿಗಳ ಭಾಗ. ಭೂಮಿಗೆ ಸಂಬಂಧಪಟ್ಟ 140 ಸ್ತ್ರೀಶಕ್ತಿಗಳನ್ನು ಅಲ್ಲಿ ಚಿತ್ರಸಹಿತ ವರ್ಣಿಸಲಾಗಿದೆ. ಪಾರಸಿಯಲ್ಲಿ ಅವರಿಗೆ ರೂಹಾನಿ ಎಂಬ ಹೆಸರಿದ್ದರೂ ಅವರ ನಿಲುವು, ಉಡಿಗೆ, ತೊಡಿಗೆಗಳು ಈ ನಾಡಿನ ಯೋಗಿನಿಯರನ್ನು ನೆನಪಿಗೆ ತರುತ್ತವೆ. ಎತ್ತರದ ಮೈಕಟ್ಟಿನ, ಸೀರೆಯುಟ್ಟ ಹೆಣ್ಣುಗಳ ಚಿತ್ರಗಳಲ್ಲಿ ದಕ್ಷಿಣದ ಚಿತ್ರಪರಂಪರೆಯ ಛಾಪು ಎದ್ದು ಕಾಣುತ್ತದೆ. ಪಾರಸಿ ಲಿಪಿಯ ನಡುವೆ ಸಂಸ್ಕೃತ ಮೂಲದ ಶಬ್ದಗಳೂ ದಖ್ಖನಿ ಶಬ್ದಗಳೂ ಬೆರೆತಿವೆ.

ಇಂಥ ಗ್ರಂಥದ ಹಿಂದಿನ ತರ್ಕವನ್ನು ತಿಳಿಯದೆ ಅದನ್ನು ಬರಿಯ ಮೂಢನಂಬಿಕೆಯೆಂದು ತಳ್ಳುವುದು ಸುಲಭ. ಆ ಕಾಲದ ವಿದ್ವಾಂಸರ ದೃಷ್ಟಿಯಲ್ಲಿ ಮೇಲಿನ ಲೋಕದ ಪ್ರಭಾವ ಗ್ರಹಗಳ ಮೂಲಕ ಕೆಳಗಿಳಿದು ಲೋಹ, ಶಿಲೆ, ಗಿಡಮೂಲಿಕೆ, ಬಣ್ಣ, ಸುವಾಸನೆಗಳಲ್ಲಿ ನೆಲೆಸುತ್ತಿತ್ತು. ಸೂರ್ಯನಿಗೆ ಹೊನ್ನು, ಚಂದ್ರನಿಗೆ ಬೆಳ್ಳಿ, ಮಂಗಳನಿಗೆ ಕಬ್ಬಿಣ, ಶುಕ್ರನಿಗೆ ತಾಮ್ರ, ಗುರುವಿಗೆ ತವರ, ಶನಿಗೆ ಸೀಸ, ಬುಧನಿಗೆ ಪಾದರಸ ಎಂಬ ಹಂಚಿಕೆ ಅರಬ್ಬರಲ್ಲಿಯೂ ಯುರೋಪಿನವರಲ್ಲಿಯೂ ಬಳಕೆಯಲ್ಲಿತ್ತು. ಯಾವ ಕಾರ್ಯಕ್ಕೆ ಯಾವ ಗ್ರಹದ ಬಲ ಬೇಕೋ ಆ ಗ್ರಹದ ಲೋಹದ ತಗಡಿನ ಮೇಲೆ, ಆ ಗ್ರಹದ ಹೋರೆಯಲ್ಲಿ, ತಕ್ಕ ಧೂಪ ಹಾಕಿ, ಉಪವಾಸ ಶುದ್ಧಿಗಳಿಂದ ಇದ್ದು ಯಂತ್ರವನ್ನು ಕೊರೆಯಬೇಕು. ಹೋರೆಯ ಲೆಕ್ಕವನ್ನು ನಮ್ಮ ಪಂಚಾಂಗಗಳು ಇಂದಿಗೂ ಕೊಡುತ್ತವೆ. ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ ಎಂಬ ಕ್ರಮದಲ್ಲಿ ದಿನದ 24 ಹೋರೆಗಳನ್ನು ಹಂಚಿದರೆ, ಶನಿಯ ಹೋರೆಯಿಂದ ಆರಂಭವಾದ ದಿನದ ಮರುದಿನ ರವಿಯ ಹೋರೆಯಿಂದ, ಅದರ ಮರುದಿನ ಚಂದ್ರನ ಹೋರೆಯಿಂದ ಆರಂಭವಾಗುತ್ತದೆ. ವಾರದ ಏಳು ಹೆಸರುಗಳ ಕ್ರಮ ಹುಟ್ಟಿದ್ದು ಹೀಗೆ. ಭಾರತ, ಅರಬ್ ದೇಶ, ಯುರೋಪುಗಳು ಈ ಲೆಕ್ಕದಲ್ಲಿ ಒಂದಾಗುತ್ತವೆ.

ಅಂಕಯಂತ್ರಗಳ ಕಥೆಯೂ ಹಾಗೆಯೇ. ಒಂಬತ್ತು ಮನೆಗಳಲ್ಲಿ 1ರಿಂದ 9ರವರೆಗಿನ ಅಂಕಿಗಳನ್ನು ಯಾವ ಸಾಲಿನಲ್ಲಿ ಕೂಡಿಸಿದರೂ 15 ಬರುವಂತೆ ಇರಿಸಿದ ಚೌಕವನ್ನು ಹದಿನೈದರ ಯಂತ್ರವೆಂದು ಈ ಸೀಮೆಯ ಮಂತ್ರವಾದಿಗಳು ಬರೆದುಕೊಟ್ಟರು. ದರ್ಗಾಗಳ ತಾಯಿತಗಳಲ್ಲಿ ಅದೇ ಚೌಕ ಅರಬ್ಬಿ ಅಕ್ಷರಗಳಲ್ಲಿ ಕಾಣಿಸಿತು. 1533ರಲ್ಲಿ ಪೂರ್ಣವಾಗಿ ಅಚ್ಚಾದ ಜರ್ಮನ್ ವಿದ್ವಾಂಸ ಅಗ್ರಿಪ್ಪನ ಗ್ರಂಥದಲ್ಲಿ ಅದು ಶನಿಯ ಚೌಕವೆಂಬ ಹೆಸರು ಹೊತ್ತಿತು. ಇದಕ್ಕೆ ಕಾರಣ ಇಲ್ಲದಿಲ್ಲ. ಗಾಯತುಲ್ ಹಕೀಮ್ ಎಂಬ ಅರಬ್ಬಿ ಗ್ರಹತಂತ್ರ ಗ್ರಂಥವು ಹದಿಮೂರನೆಯ ಶತಮಾನದಲ್ಲಿ ಸ್ಪೇನಿನ ಕ್ಯಾಸ್ಟಿಲ್ ಅರಸ ಹತ್ತನೆಯ ಅಲ್ಫಾನ್ಸೋನ ಆಶ್ರಯದಲ್ಲಿ ಭಾಷಾಂತರಗೊಂಡು, ಪಿಕಾಟ್ರಿಕ್ಸ್ ಎಂಬ ಹೆಸರಿನಿಂದ ಲ್ಯಾಟಿನ್ ಬಲ್ಲವರ ಕೈಸೇರಿತ್ತು. ಯುರೋಪಿನ ಮಾಂತ್ರಿಕ ವಿಧಿಗಳಿಗೆ ನೀರೆರೆದ ತೊರೆಗಳಲ್ಲಿ ಅದು ಮುಖ್ಯವಾದುದು. ಅರಬ್ಬಿ ಗ್ರಹವಿದ್ಯೆ ಪಶ್ಚಿಮಕ್ಕೆ ಹರಿದಂತೆ ಪಾರಸಿಯ ಮೂಲಕ ಪೂರ್ವಕ್ಕೂ ಹರಿಯಿತು. ದಖ್ಖನಿನಲ್ಲಿ ಅದು ತನಗಿಂತ ಮೊದಲೇ ಇದ್ದ ಮಂತ್ರ, ಯಂತ್ರ, ಯೋಗಿನಿ ಪರಂಪರೆಯೊಡನೆ ಕೂಡಿಕೊಂಡಿತು.

ಅಲಿಯ ಸಮಕಾಲೀನನಾಗಿ ಇಂಗ್ಲೆಂಡಿನಲ್ಲಿ ಇದೇ ದಾರಿಯಲ್ಲಿ ನಡೆದವನು ಜಾನ್ ಡೀ. 1527ರಲ್ಲಿ ಹುಟ್ಟಿದ ಅವನು ಗಣಿತಜ್ಞ, ನೌಕಾವಿದ್ಯೆಯ ಸಲಹೆಗಾರ, ಜ್ಯೋತಿಷಿ. ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆ 1559ರ ಜನವರಿ 15ರ ಮುಹೂರ್ತವನ್ನು ಇಟ್ಟುಕೊಟ್ಟವನು ಅವನೇ. ಅಲಿ ಪಟ್ಟವೇರಿದ ಮರುವರ್ಷದ ಮಾತು ಅದು. ಡೀ ತನ್ನ ಮನೆಯಲ್ಲಿ ಸುಮಾರು 4000 ಪುಸ್ತಕಗಳನ್ನು ಕೂಡಿಸಿದನು. 1582ರಿಂದ ಎಡ್ವರ್ಡ್ ಕೆಲಿ ಎಂಬವನನ್ನು ಜೊತೆಗಿರಿಸಿಕೊಂಡು ದೇವದೂತರನ್ನು ಕಾಣುವ ವಿಧಿಗಳನ್ನು ನಡೆಸಿದನು. ಅದಕ್ಕಾಗಿ ಅವನು ಬಳಸಿದ ಪರಿಕರಗಳಲ್ಲಿ ಕೆಲವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಉಳಿದಿವೆ: ದೇವರ ನಾಮಗಳನ್ನು ಕೊರೆದ ಮೇಣದ ಬಿಲ್ಲೆ, ಸ್ಫಟಿಕದ ಗೋಳ, ಮೆಕ್ಸಿಕೋ ದೇಶದಿಂದ ಬಂದ ಕಪ್ಪು ಜ್ವಾಲಾಮುಖಿ ಗಾಜಿನ ಕನ್ನಡಿ. ನೆಲದ ಮೇಲೆ ರಕ್ಷಾಮಂಡಲ ಬರೆಯುವುದು, ಖಡ್ಗ ಮತ್ತು ದಂಡವನ್ನು ಶುದ್ಧಿಗೊಳಿಸಿ ಹಿಡಿಯುವುದು, ಧೂಪ ಹಾಕುವುದು, ನಿಯತ ಹೋರೆಯಲ್ಲಿ ಹೆಸರಿಟ್ಟು ಕರೆಯುವುದು ಆ ಕಾಲದ ಯುರೋಪಿನ ಮಾಂತ್ರಿಕ ಗ್ರಂಥಗಳು ವಿಧಿಸಿದ ಕ್ರಮ. ಮಂಡಲ, ಮುದ್ರೆ, ನ್ಯಾಸ, ಆವಾಹನೆಗಳನ್ನು ಬಲ್ಲ ನಮ್ಮ ನಾಡಿನ ಯಾವನೇ ಉಪಾಸಕನಿಗೆ ಇದು ಅಪರಿಚಿತವೆನಿಸದು. ಲಂಡನ್ನಿನ ಡೀ ಮತ್ತು ವಿಜಾಪುರದ ಅಲಿ ಇಬ್ಬರಲ್ಲಿಯೂ ಗಣಿತ, ಖಗೋಳ, ಆಯುಧವಿದ್ಯೆ, ಮಂತ್ರವಿದ್ಯೆಗಳ ನಡುವೆ ಗೋಡೆ ಇರಲಿಲ್ಲ. ಆ ಗೋಡೆ ಎದ್ದದ್ದು ಆಮೇಲಿನ ಶತಮಾನಗಳಲ್ಲಿ.

ಅಲಿ ಹೋರಾಡಿ ಪಡೆದ ಕಲ್ಯಾಣದ ನೆಲಕ್ಕೂ ಇಂಥ ಅರಿವಿನ ನೆನಪು ಹಳೆಯದು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಅಲ್ಲಿಯೇ ಮಾನಸೋಲ್ಲಾಸವನ್ನು ರಚಿಸಿದ್ದನು. ಅರಸನಾದವನು ತಿಳಿಯಬೇಕಾದ ಕೋಶ, ಸೈನ್ಯ, ಆನೆ, ಕುದುರೆ, ರತ್ನ, ಶಕುನ, ಅಡುಗೆ, ಸಂಗೀತ, ಚಿತ್ರಕಲೆ ಎಲ್ಲವನ್ನೂ ಒಂದೆಡೆ ಕೂಡಿಸಿದ ಆ ಸಂಸ್ಕೃತ ವಿಶ್ವಕೋಶಕ್ಕೂ 441 ವರ್ಷಗಳ ಅನಂತರದ ಪಾರಸಿ ಗ್ರಂಥಕ್ಕೂ ಆಶಯದಲ್ಲಿ ಹೋಲಿಕೆಯಿದೆ. ಶತ್ರುವಿನ ದುರ್ಗ ಯಾವಾಗ ಬಿದ್ದೀತೆಂದು ತಿಳಿಯಲು ಕೋಟಚಕ್ರವನ್ನು ಬರೆದು ನಕ್ಷತ್ರಗಳನ್ನು ಎಣಿಸುವ ಪದ್ಧತಿ ಭಾರತದ ಯುದ್ಧಜ್ಯೋತಿಷದಲ್ಲಿ ಸ್ಥಿರವಾಗಿತ್ತು. ಇನ್ನೊಂದು ಪಕ್ಷವೂ ಅದೇ ಕಲ್ಯಾಣದಲ್ಲಿ ಹುಟ್ಟಿತ್ತು. ಹನ್ನೆರಡನೆಯ ಶತಮಾನದ ಶರಣರು ಶುಭ ಅಶುಭ ದಿನಗಳ ಲೆಕ್ಕವನ್ನೂ ಶಕುನವನ್ನೂ ಕ್ಷುದ್ರದೈವಗಳ ಆರಾಧನೆಯನ್ನೂ ನಿರಾಕರಿಸಿ, ನಡೆ ನುಡಿಗಳ ಶುದ್ಧಿಯೇ ಮನುಷ್ಯನಿಗೆ ಕಾವಲೆಂದು ಸಾರಿದ್ದರು. ಕಾಲವನ್ನು ವಶಮಾಡಿಕೊಳ್ಳಬಯಸಿದ ಅರಸರ ಪರಂಪರೆ ಒಂದು, ಕಾಲದ ಭಯವನ್ನೇ ಬಿಟ್ಟವರ ಪರಂಪರೆ ಇನ್ನೊಂದು. ಅಲಿ ಮೊದಲನೆಯದಕ್ಕೆ ಸೇರಿದವನು.

ಅರಸನಿಗೆ ಇಂಥ ವಿದ್ಯೆ ಕೇವಲ ಕುತೂಹಲದ ವಸ್ತುವಾಗಿರಲಿಲ್ಲ. ನಾಲ್ಕು ಕಡೆ ಹಗೆಗಳಿದ್ದ, ಇಂದಿನ ಮಿತ್ರ ನಾಳೆಯ ವೈರಿಯಾಗುತ್ತಿದ್ದ ದಖ್ಖನಿನಲ್ಲಿ ಗುಪ್ತಚರರ ವರದಿಯಷ್ಟೇ ಜ್ಯೋತಿಷಿಯ ಮಾತಿಗೂ ಬೆಲೆಯಿತ್ತು. ಗ್ರಹಗಳೂ ರೂಹಾನಿಗಳೂ ಅರಸನಿಗೆ ಒಲಿದಿವೆಯೆಂಬ ನಂಬಿಕೆ ಸೈನಿಕರಲ್ಲಿ ಧೈರ್ಯವನ್ನೂ ಅಮೀರರಲ್ಲಿ ಅಂಜಿಕೆಯನ್ನೂ ಹುಟ್ಟಿಸಬಲ್ಲದಾಗಿತ್ತು. ಪಾರಸಿಕ, ದಖ್ಖನಿ, ಹಬಶಿ, ಮರಾಠ, ಕನ್ನಡಿಗ ಹೀಗೆ ಬೇರೆ ಬೇರೆ ಮೂಲದ ಜನ ಸೇರಿದ ರಾಜ್ಯದಲ್ಲಿ ಎಲ್ಲರ ದೈವಬಲವನ್ನೂ ಒಂದೇ ಸಿಂಹಾಸನದ ಕೆಳಗೆ ತಂದುಕೊಳ್ಳುವ ರಾಜನೀತಿಯೂ ಆ ಗ್ರಂಥದಲ್ಲಿ ಅಡಗಿದೆ.

ಆದರೆ ಗ್ರಂಥ ಸಿದ್ಧವಾದ ವರ್ಷವೇ ಅದರ ನಂಬಿಕೆಗೆ ಪರೀಕ್ಷೆ ಒದಗಿತು. 1570ರ ಕೊನೆಯಲ್ಲಿ ಅಲಿ ದೊಡ್ಡ ಸೈನ್ಯದೊಡನೆ ಪೋರ್ಚುಗೀಜರ ಗೋವೆಯನ್ನು ಮುತ್ತಿದನು. ಅದೇ ಹೊತ್ತಿಗೆ ಅಹಮದನಗರದ ಪಡೆ ಚೌಲ್ ಬಂದರನ್ನು ಮುತ್ತಿತು. ತಿಂಗಳುಗಟ್ಟಲೆ ನಡೆದ ಮುತ್ತಿಗೆಯಲ್ಲಿ ಹೊಳೆ, ಮಳೆ, ಫಿರಂಗಿ, ಹಡಗುಗಳ ಬಲ ಗೋವೆಯನ್ನು ಕಾಯಿತು. 1571ರ ಕೊನೆಗೆ ಒಪ್ಪಂದ ಮಾಡಿಕೊಂಡು ವಿಜಾಪುರ ಹಿಂದೆ ಸರಿಯಬೇಕಾಯಿತು. ದಕ್ಷಿಣದಲ್ಲಿ ಅದೃಷ್ಟ ಬೇರೆಯಾಗಿತ್ತು. ಆದವಾನಿ ಮೊದಲೇ ಕೈಸೇರಿತ್ತು; 1573ರ ಮುಂದಿನ ವರ್ಷಗಳಲ್ಲಿ ಧಾರವಾಡ ಮತ್ತು ಬಂಕಾಪುರಗಳು ಬಿದ್ದವು. ಬಂಕಾಪುರದಲ್ಲಿ ಒಂದು ಭವ್ಯ ದೇವಾಲಯವನ್ನು ಕೆಡವಿಸಿ ಮಸೀದಿಗೆ ಅಡಿಗಲ್ಲು ಹಾಕಿಸಿದನೆಂದು ಫಿರಿಸ್ತಾ ದಾಖಲಿಸಿದ್ದಾನೆ. ಯೋಗಿನಿಯರ ಚಿತ್ರಗಳನ್ನು ಬರೆಯಿಸಿದ ಕೈ, ಸಂಸ್ಕೃತ ಪಂಡಿತನಿಗೆ ಸಂಬಳ ಕೊಟ್ಟ ಕೈ, ಈ ಕೆಲಸವನ್ನೂ ಮಾಡಿತು. ಪೆನುಕೊಂಡೆಯ ಮೇಲೆ ನಡೆಸಿದ ದಾಳಿ ಫಲಿಸಲಿಲ್ಲ.

ವಿಜಾಪುರದಲ್ಲಿ ಅವನು ಕಟ್ಟಿಸಿದ್ದು ಬಹಳ. ಗಗನಮಹಲಿನ ಎತ್ತರದ ಕಮಾನು, ಊರನ್ನು ಸುತ್ತುವರಿದ ಗೋಡೆ, ಜುಮ್ಮಾ ಮಸೀದಿಯ ವಿಶಾಲ ಪ್ರಾಂಗಣ, 1579ರಲ್ಲಿ ಕಟ್ಟಿಸಿದ ಚಾಂದ ಬಾವಡಿ ಇವೆಲ್ಲ ಅವನ ಹೆಸರನ್ನು ಹೇಳುತ್ತವೆ. ನೀರಿಲ್ಲದ ಬಯಲಿನ ಊರಿಗೆ ನೀರು ತರುವುದು ಅವನ ಆಳ್ವಿಕೆಯ ಮುಖ್ಯ ಕಾಳಜಿಗಳಲ್ಲಿ ಒಂದು. ನಕ್ಷತ್ರಗಳ ಗ್ರಂಥ ಅರಮನೆಯ ಕೆಲವೇ ಕಣ್ಣುಗಳಿಗೆ ದಕ್ಕಿತು. ಬಾವಿಯ ನೀರು ಊರಿಗೆಲ್ಲ ದಕ್ಕಿತು.

ಅವನ ಅಂತ್ಯಕ್ಕೆ ದಾರಿಯಾದದ್ದು ಬೀದರ. 1579ರ ಸುಮಾರಿಗೆ ಅಹಮದನಗರದ ಮುರ್ತಜಾ ನಿಜಾಮಶಾಹನು ಬೀದರವನ್ನು ಮುತ್ತಿದಾಗ, ಉದಗೀರ ಸೀಮೆಯ ಮೇಲೆ ಹಕ್ಕು ಹೊತ್ತಿದ್ದ ಆ ಪುಟ್ಟ ರಾಜ್ಯದ ಒಡೆಯ ಅಲಿ ಬರೀದನು ವಿಜಾಪುರದ ನೆರವನ್ನು ಬೇಡಿದನು. ನೆರವಿಗೆ ಪ್ರತಿಯಾಗಿ ಅಲಿ ಆದಿಲಶಾಹನು ಕೇಳಿದ್ದು ಕೋಟೆಯನ್ನಲ್ಲ, ಹೊನ್ನನ್ನಲ್ಲ. ಬರೀದನ ಅರಮನೆಯಲ್ಲಿದ್ದ ಇಬ್ಬರು ಚೆಲುವ ನಪುಂಸಕ ಸೇವಕರನ್ನು. ಪಡೆ ಹೋಯಿತು, ಮುತ್ತಿಗೆ ಬಿಟ್ಟಿತು, ಕೊಟ್ಟ ಮಾತಿನಂತೆ ಸೇವಕರು ವಿಜಾಪುರಕ್ಕೆ ಬಂದರು. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ತಮ್ಮನ್ನು ಏಕೆ ಕರೆಸಲಾಗಿದೆಯೆಂದು ತಿಳಿದ ಹಿರಿಯನು ಉಡುಪಿನೊಳಗೆ ಕಿರುಗತ್ತಿಯನ್ನು ಮರೆಸಿಕೊಂಡು ಸುಲ್ತಾನನ ಏಕಾಂತದ ಕೋಣೆಯನ್ನು ಹೊಕ್ಕನು. 1580ರ ಏಪ್ರಿಲ್ ತಿಂಗಳ ಆ ರಾತ್ರಿ ಅಲಿ ಆದಿಲಶಾಹನು ಇರಿತಕ್ಕೆ ಬಲಿಯಾದನು. ಏಳಂತಸ್ತಿನ ಸಿಂಹಾಸನ, 140 ರೂಹಾನಿಗಳು, ಲೋಹ ಲೋಹಕ್ಕೂ ಗೊತ್ತುಮಾಡಿದ ಗ್ರಹ ಇವು ಯಾವುವೂ ಆ ಬಾಗಿಲನ್ನು ಕಾಯಲಿಲ್ಲ. ಕಾಯಬೇಕಾಗಿದ್ದದ್ದು ಗ್ರಹದ ವಕ್ರದೃಷ್ಟಿಯಿಂದಲ್ಲ. ತನ್ನ ಅಧಿಕಾರದಲ್ಲಿದ್ದ ಒಬ್ಬ ನಿರ್ಬಲ ಮನುಷ್ಯನ ಮಾನವನ್ನು ಲೆಕ್ಕಿಸದ ತನ್ನದೇ ನಡತೆಯಿಂದ.

ಅವನಿಗೆ ಗಂಡು ಸಂತಾನವಿರಲಿಲ್ಲ. ತಮ್ಮ ತಹಮಾಸ್ಪನ ಮಗ ಇಬ್ರಾಹಿಮನು ಒಂಬತ್ತರ ಹರೆಯದಲ್ಲಿ ಪಟ್ಟಕ್ಕೆ ಬಂದನು. ಒಳಜಗಳಗಳ ನಡುವೆ ಚಾಂದಬೀಬಿ ಅವನಿಗೆ ಬೆಂಬಲವಾಗಿ ನಿಂತಳು. ಆ ಬಾಲಕನೇ ಮುಂದೆ ಜಗದ್ಗುರುವೆಂದು ಹೆಸರಾಗಿ, ಕಿತಾಬ್-ಎ-ನವರಸ್ ಎಂಬ ಗೀತಗ್ರಂಥವನ್ನು ರಚಿಸಿದ ಎರಡನೆಯ ಇಬ್ರಾಹಿಮ್ ಆದಿಲಶಾಹ. ನಳದುರ್ಗದಲ್ಲಿ ಬೋರಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನೊಳಗೆ 1613ರಲ್ಲಿ ನೀರುಮಹಲನ್ನು ಪೂರ್ಣಗೊಳಿಸಿದವನೂ ಅವನೇ. ದೊಡ್ಡಪ್ಪನ ಗ್ರಂಥದಲ್ಲಿ ಮೊಳೆತ ಭಾಷೆಗಳ ಬೆರಕೆ ಅವನ ಕಾಲದಲ್ಲಿ ಸಂಗೀತವಾಗಿ ಅರಳಿತು. ಮಂತ್ರಶಕ್ತಿಗಾಗಿ ಹುಡುಕಿದ್ದು ಕಲೆಯಾಗಿ ಫಲಿಸಿತು.

ಅಲಿಯ ಸಮಾಧಿ ವಿಜಾಪುರದಲ್ಲಿ ಸರಳವಾದ, ಅಲಂಕಾರವಿಲ್ಲದ ಕಟ್ಟಡ. ಗೋಳಗುಮ್ಮಟದ ಮುಂದೆ ನಿಲ್ಲುವ ಪ್ರವಾಸಿಗಳಲ್ಲಿ ಕೆಲವರಷ್ಟೇ ಅಲ್ಲಿಗೆ ಹೋಗುತ್ತಾರೆ. ಅವನ ಗ್ರಂಥಭಂಡಾರವೂ ಚೆದುರಿತು. 1686ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದ ಮೇಲೆ ಹಲವು ಪುಸ್ತಕಗಳು ಹೊರಟುಹೋದವು. ಅಸಾರ ಮಹಲಿನಲ್ಲಿ ಉಳಿದಿದ್ದವು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲಂಡನ್ನಿಗೆ ಸಾಗಿದವು. ಜಾನ್ ಡೀಯ ಪುಸ್ತಕಗಳೂ ಅವನು ಊರಿನಲ್ಲಿಲ್ಲದಾಗ ಕೊಳ್ಳೆಹೋಗಿದ್ದವು. ಅವನು ಬಡತನದಲ್ಲಿ ಕೊನೆಯುಸಿರೆಳೆದನು. 1888ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಗೋಲ್ಡನ್ ಡಾನ್ ಎಂಬ ಗುಪ್ತಕೂಟವು ಡೀಯ ವಿಧಿಗಳನ್ನು ಮತ್ತೆ ಕೈಗೆತ್ತಿಕೊಂಡು ದಂಡ, ಪಾತ್ರೆ, ಕಿರುಗತ್ತಿ, ಬಿಲ್ಲೆಗಳನ್ನು ಅಗ್ನಿ, ಜಲ, ವಾಯು, ಪೃಥ್ವಿಗಳ ಗುರುತಾಗಿ ಇಟ್ಟುಕೊಂಡಿತು. ಭಾರತದ ಸ್ವರಶಾಸ್ತ್ರದಿಂದ ಪಂಚತತ್ತ್ವಗಳ ಧ್ಯಾನವನ್ನೂ ಎರವಲು ಪಡೆಯಿತು. ಅರಿವು ಒಮ್ಮೆ ಪಶ್ಚಿಮಕ್ಕೂ ಒಮ್ಮೆ ಪೂರ್ವಕ್ಕೂ ಹರಿಯುತ್ತ, ಪ್ರತಿ ನೆಲದಲ್ಲಿಯೂ ಬೇರೆ ಹೆಸರು ಪಡೆಯುತ್ತ ಸಾಗಿದ್ದಕ್ಕೆ ಇದೂ ಒಂದು ಸಾಕ್ಷಿ.

ಅಲಿಯ ಬಾಳನ್ನು ಒಟ್ಟಾಗಿ ನೋಡಿದಾಗ ಅವನು ಹಿಡಿದ ಎರಡು ಕೆಲಸಗಳು ಬೇರೆಯಾಗಿ ನಿಲ್ಲುತ್ತವೆ. ಅರಿವನ್ನು ಕೂಡಿಸುವುದು ಒಂದು. ಆ ಅರಿವಿನಿಂದ ಭಯವನ್ನು ಗೆಲ್ಲುವುದು ಇನ್ನೊಂದು. ಎರಡನೆಯದರಲ್ಲಿ ಅವನು ಸೋತನು. ಮೊದಲನೆಯದರಲ್ಲಿ ಗೆದ್ದನು: ಅವನ ಆಸ್ಥಾನದಲ್ಲಿ ಕುಳಿತವರು ಯಾವ ವಿದ್ಯೆಗೂ ಅದರ ಮತವನ್ನೋ ಭಾಷೆಯನ್ನೋ ಕೇಳಿ ಬಾಗಿಲು ಮುಚ್ಚಲಿಲ್ಲ. ಆ ಹಸ್ತಪ್ರತಿಯ ಸೀರೆಯುಟ್ಟ ರೂಹಾನಿಗಳ ಬಳಿ ಇಂದು ಯಾರೂ ರಕ್ಷೆಯನ್ನು ಬೇಡುವುದಿಲ್ಲ. ಆದರೂ ಬೇರೆ ಬೇರೆ ನುಡಿಗಳ ಶಬ್ದಗಳು ಒಂದೇ ಹಾಳೆಯ ಮೇಲೆ ಸೇರಿದ ಕಾಲವೊಂದಿತ್ತು ಎಂಬುದಕ್ಕೆ, ನಳದುರ್ಗದ ಕಲ್ಲಿನ ಗೋಡೆಯಂತೆಯೇ ಆ ಹಾಳೆಗಳೂ ಆಧಾರವಾಗಿ ಉಳಿದಿವೆ.